ಯಾವುದು ಭೌತಿಕ, ಯಾವುದು ರಾಸಾಯನಿಕ? ಅಡುಗೆಮನೆಯಲ್ಲೇ ಮಾಡಿ ನೋಡಿ

ಹೋದ ವರ್ಷ ಏಳನೇ ಕ್ಲಾಸಿನ ವಿಜ್ಞಾನ ಪರೀಕ್ಷೆಯಲ್ಲಿ ನನ್ನ ಮಗಳು ಹೀಗೆ ಬರೆದಿದ್ದಳು: "ಕಾಗದ ಹರಿಯುವುದು ರಾಸಾಯನಿಕ ಬದಲಾವಣೆ. ಏಕೆಂದರೆ ಹರಿದ ಕಾಗದ ಮೊದಲಿನಂತೆ ಆಗುವುದಿಲ್ಲ." ಎರಡು ಅಂಕ ಹೋಯಿತು. ಮನೆಗೆ ಬಂದವಳೇ ಕೇಳಿದಳು, "ವಾಪಸ್ ಬಂದರೆ ಭೌತಿಕ, ಬರದಿದ್ದರೆ ರಾಸಾಯನಿಕ ಅಂತ ತಾನೇ ಹೇಳಿಕೊಟ್ಟಿದ್ದು? ಮತ್ತೆ ನಾನು ಬರೆದಿದ್ದು ಹೇಗೆ ತಪ್ಪು?"

ಅವಳು ಕೇಳಿದ್ದರಲ್ಲಿ ನ್ಯಾಯ ಇತ್ತು. ನಾವೂ ಅದೇ ಸೂತ್ರವನ್ನು ಬಾಯಿಪಾಠ ಮಾಡಿ ಬಂದವರು. ಆದರೆ ಆ ಸೂತ್ರ ಅರ್ಧ ದಾರಿಯಲ್ಲೇ ಕೈ ಕೊಡುತ್ತದೆ. ಸೀಳಿದ ಸೌದೆ ಮತ್ತೆ ಕೂಡುವುದಿಲ್ಲ, ಆದರೂ ಅದು ಭೌತಿಕ ಬದಲಾವಣೆ. ಅರಿಶಿನಕ್ಕೆ ಸುಣ್ಣ ಬೆರೆಸಿದಾಗ ಬರುವ ಕೆಂಪನ್ನು ನಾಲ್ಕು ಹನಿ ನಿಂಬೆರಸ ಹಿಂಡಿ ಹಳದಿ ಮಾಡಬಹುದು, ಆದರೂ ಅದು ರಾಸಾಯನಿಕ. ಕೇಳಬೇಕಾದ ಪ್ರಶ್ನೆ ಇಷ್ಟೇ: ವಸ್ತು ಇನ್ನೂ ಅದೇ ವಸ್ತುವಾಗಿ ಇದೆಯಾ, ಇಲ್ಲಾ ಬೇರೆ ವಸ್ತು ಹುಟ್ಟಿದೆಯಾ?

ಆ ಬೇಸಿಗೆ ರಜೆಯಲ್ಲಿ ನಾವಿಬ್ಬರೂ ಒಂದೊಂದನ್ನೂ ಮಾಡಿ ನೋಡಿದೆವು. ನಾವು ಮಾಡಿದ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ. ನಿಮ್ಮ ಮನೆಯ ಮಕ್ಕಳ ಜೊತೆ ನೀವೂ ಮಾಡಬಹುದು.

ಶುರು ಮಾಡುವ ಮುಂಚೆ

ಬೇಕಾಗುವುದು ಜಾಸ್ತಿ ಏನಿಲ್ಲ. ನಾಲ್ಕು ಗಾಜಿನ ಲೋಟ, ಅರಿಶಿನ, ಅಕ್ಕಿ ಹಿಟ್ಟು, ವೀಳ್ಯದೆಲೆಗೆ ಹಚ್ಚುವ ಬಿಳಿ ಸುಣ್ಣ, ನಿಂಬೆಹಣ್ಣು, ಅಡುಗೆ ಸೋಡಾ, ವಿನೆಗರ್, ಉಪ್ಪು, ಸಕ್ಕರೆ, ಹಾಲು, ಬೆಣ್ಣೆ, ಕಬ್ಬಿಣದ ಮೊಳೆ, ಮೇಣದಬತ್ತಿ. ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ ಇದ್ದರೆ ತುಂಬಾ ಒಳ್ಳೆಯದು. ಜೊತೆಗೆ ಒಂದು ನೋಟ್‌ಬುಕ್. ಪ್ರತಿ ಪ್ರಯೋಗಕ್ಕೂ "ಮುಂಚೆ", "ಆಮೇಲೆ", "ಹೇಗೆ ಗೊತ್ತಾಯಿತು" ಅಂತ ಮೂರು ಸಾಲು ಬರೆಯಿರಿ. ಮೂರನೆಯ ಸಾಲನ್ನು ಮಾತ್ರ ಯಾವತ್ತೂ ಖಾಲಿ ಬಿಡಬೇಡಿ.

ಎಚ್ಚರಿಕೆಯ ಮಾತುಗಳನ್ನು ಮೊದಲೇ ಹೇಳಿಬಿಡುತ್ತೇನೆ. ಸುಣ್ಣ ಕಣ್ಣಿಗೆ ಬಿದ್ದರೆ ಅಪಾಯ. ಅಕಸ್ಮಾತ್ ಬಿದ್ದರೆ ಉಜ್ಜದೆ, ಧಾರಾಳವಾಗಿ ನೀರು ಹಾಕಿ ತೊಳೆದು ತಕ್ಷಣ ಡಾಕ್ಟರ್ ಹತ್ತಿರ ಹೋಗಿ. ಸುಟ್ಟ ಸುಣ್ಣದ ಕಲ್ಲನ್ನು ಮನೆಯಲ್ಲಿ ನೀರಿಗೆ ಹಾಕುವ ಸಾಹಸ ಬೇಡ, ಅದು ಕೊತಕೊತ ಕುದಿದು ಮೈಮೇಲೆ ಸಿಡಿಯುತ್ತದೆ. ಸಕ್ಕರೆ ಪಾಕ ಮತ್ತು ಬೆಂಕಿಯ ಕೆಲಸ ದೊಡ್ಡವರ ಕೈಯಲ್ಲಿರಲಿ. ಇನ್ನೊಂದು ಮಾತು ಚೆನ್ನಾಗಿ ನೆನಪಿರಲಿ. ಬಚ್ಚಲು ತೊಳೆಯುವ ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಎರಡನ್ನೂ "ಏನಾಗುತ್ತೆ ನೋಡೋಣ" ಅಂತ ಬೆರೆಸಲೇಬಾರದು. ಅದರಿಂದ ಕ್ಲೋರಿನ್ ಅನಿಲ ಬರುತ್ತದೆ. ಅದು ವಿಷ.

ಹಂತ 1: ಉಪ್ಪನ್ನು ಕರಗಿಸಿ, ವಾಪಸ್ ಪಡೆಯಿರಿ

ಸುಲಭದ್ದರಿಂದ ಶುರು ಮಾಡೋಣ. 100 ಮಿಲಿ ನೀರಿಗೆ 10 ಗ್ರಾಂ ಉಪ್ಪು ಹಾಕಿ ಕಲಕಿ. ಉಪ್ಪು ಕಣ್ಣಿಗೆ ಕಾಣುವುದಿಲ್ಲ. ಹಾಗಂತ ಅದು ಇಲ್ಲವಾಯಿತಾ? ನಾಲಿಗೆಗೆ ಒಂದು ಹನಿ ಹಾಕಿಕೊಂಡರೆ ಉತ್ತರ ಸಿಗುತ್ತದೆ. ಇನ್ನು ತಕ್ಕಡಿ ನೋಡಿ. ನೀರು, ಉಪ್ಪು ಬೇರೆ ಬೇರೆ ಇದ್ದಾಗ ಎಷ್ಟಿತ್ತೋ ಬೆರೆತ ಮೇಲೂ ಅಷ್ಟೇ ತೂಕ.

ಈಗ ಆ ನೀರನ್ನು ಅಗಲವಾದ ತಟ್ಟೆಗೆ ಸುರಿದು, ಮೇಲೊಂದು ತೆಳು ಬಟ್ಟೆ ಮುಚ್ಚಿ ತಾರಸಿಯ ಬಿಸಿಲಲ್ಲಿಡಿ. ಒಳ್ಳೆ ಬಿಸಿಲಿದ್ದರೆ ಎರಡು ಮೂರು ದಿನದಲ್ಲಿ ತಟ್ಟೆಯ ತಳದಲ್ಲಿ ಉಪ್ಪಿನ ಹರಳು ಕೂತಿರುತ್ತದೆ. ಕೆರೆದು ತೂಗಿದರೆ ಹೆಚ್ಚು ಕಡಿಮೆ ಹಾಕಿದಷ್ಟೇ ಇರುತ್ತದೆ. ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಉಪ್ಪಿನ ಗದ್ದೆಗಳಲ್ಲಿ ನಡೆಯುವುದೂ ಇದೇ, ಅಲ್ಲಿ ತಟ್ಟೆಯ ಬದಲು ಮಡಿಗಳಿರುತ್ತವೆ. ಇದು ಭೌತಿಕ ಬದಲಾವಣೆ. ಹೇಗೆ ಗೊತ್ತಾಯಿತು? ರುಚಿ ಅದೇ, ತೂಕ ಅದೇ, ಹರಳೂ ಅದೇ.

ಐಸ್ ಕರಗುವುದು, ತೆಂಗಿನೆಣ್ಣೆ ಚಳಿಗೆ ಗಟ್ಟಿಯಾಗುವುದು, ಕಾಯಿ ತುರಿಯುವುದು, ಕಾಗದ ಹರಿಯುವುದು ಎಲ್ಲಾ ಇದೇ ಸಾಲಿನವು. ಹರಿದ ಚೂರು ಎಷ್ಟು ಚಿಕ್ಕದಾದರೂ ಅದು ಕಾಗದವೇ. ಮಗಳಿಗೆ ಹೊಳೆದಿದ್ದು ಇಲ್ಲೇ. "ಆಕಾರ ವಾಪಸ್ ಬರಲಿಲ್ಲ, ಆದರೆ ಕಾಗದ ಹೋಗಿಲ್ಲ," ಅಂದಳು.

ಹಂತ 2: ಅರಿಶಿನ, ಸುಣ್ಣ ಮತ್ತು ಓಕುಳಿ

ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಯೋಗ ಇದು. ಆರತಿಗೆ ಓಕುಳಿ ನೀರು ಮಾಡುವುದನ್ನು ಚಿಕ್ಕಂದಿನಿಂದ ನೋಡಿದ್ದೇವೆ. ಯಾಕೆ ಕೆಂಪಾಗುತ್ತದೆ ಅಂತ ಎಷ್ಟು ಜನ ನಿಂತು ಯೋಚಿಸಿದ್ದೇವೆ?

ಎರಡು ಲೋಟದಲ್ಲಿ ಅರ್ಧರ್ಧ ನೀರು ತೆಗೆದುಕೊಂಡು ತಲಾ ಒಂದು ಚಿಟಿಕೆ ಅರಿಶಿನ ಕಲಕಿ. ಎರಡೂ ಹಳದಿ. ಮೊದಲ ಲೋಟಕ್ಕೆ ಒಂದು ಚಿಟಿಕೆ ಅಕ್ಕಿ ಹಿಟ್ಟು ಹಾಕಿ. ಹಿಟ್ಟು ಬಿಳಿ, ನೀರು ಹಳದಿ, ಎರಡೂ ಸೇರಿ ತಿಳಿ ಹಳದಿಯಾಯಿತು. ನಾವು ಅಂದುಕೊಂಡ ಹಾಗೇ ಆಯಿತು, ಅಲ್ವಾ? ಎರಡನೆಯ ಲೋಟಕ್ಕೆ ಕಡಲೆಕಾಳಿನಷ್ಟು ಸುಣ್ಣ ಹಾಕಿ ಕಲಕಿ. ಸುಣ್ಣವೂ ಬಿಳಿಯೇ. ಆದರೆ ಚಮಚ ತಿರುಗಿದ ಜಾಗದಿಂದ ಕೆಂಪು ಎಳೆ ಎಳೆಯಾಗಿ ಹರಡಿ, ಇಡೀ ಲೋಟ ರಕ್ತದ ಬಣ್ಣಕ್ಕೆ ತಿರುಗುತ್ತದೆ. ಬಿಳಿಯಲ್ಲಿ ಕೆಂಪಿಲ್ಲ, ಹಳದಿಯಲ್ಲೂ ಕೆಂಪಿಲ್ಲ. ಹಾಗಾದರೆ ಈ ಕೆಂಪು ಹೊಸದಾಗಿ ಹುಟ್ಟಿದ್ದು.

ಅರಿಶಿನದ ಹಳದಿಗೆ ಕಾರಣ ಕರ್ಕ್ಯುಮಿನ್ ಎಂಬ ವಸ್ತು. ಸುಣ್ಣ ಕ್ಷಾರ. ಕ್ಷಾರ ಸಿಕ್ಕಾಗ ಕರ್ಕ್ಯುಮಿನ್ ಕಣದಿಂದ ಹೈಡ್ರೋಜನ್ ಕಳಚಿಕೊಳ್ಳುತ್ತದೆ. ಕಣದ ರಚನೆ ಬದಲಾಯಿತು, ಅದಕ್ಕೆ ಬಣ್ಣವೂ ಬದಲಾಯಿತು.

ಈಗ ಅದೇ ಕೆಂಪು ನೀರಿಗೆ ನಿಂಬೆರಸ ಹನಿ ಹನಿಯಾಗಿ ಹಿಂಡಿ. ಹನಿ ಬಿದ್ದ ಕಡೆ ಹಳದಿ ಚುಕ್ಕೆ ಮೂಡುತ್ತದೆ, ಕಲಕಿದರೆ ಮತ್ತೆ ಕೆಂಪಲ್ಲಿ ಮುಳುಗುತ್ತದೆ. ಇನ್ನೂ ಸ್ವಲ್ಪ ಹಿಂಡುತ್ತಾ ಹೋದರೆ ಒಂದು ಹಂತದಲ್ಲಿ ಇಡೀ ಲೋಟ ಹಳದಿ. ಹುಳಿ ಸುಣ್ಣದ ಕ್ಷಾರವನ್ನು ತಿಂದುಹಾಕಿತು. ಮತ್ತೆ ಸುಣ್ಣ ಹಾಕಿದರೆ ಮತ್ತೆ ಕೆಂಪು. ಮಗಳು ನಾಲ್ಕು ಸಲ ಹೀಗೆ ಮಾಡಿದಳು. ಇದು ರಾಸಾಯನಿಕ ಬದಲಾವಣೆ, ಆದರೂ ವಾಪಸ್ ಬಂತು. ಹಳೆಯ ಸೂತ್ರವನ್ನು ಅವಳು ನೋಟ್‌ಬುಕ್ಕಿನಲ್ಲಿ ಗೀಟು ಎಳೆದು ಹೊಡೆದುಹಾಕಿದ್ದು ಆಗಲೇ.

ಸಾರು ಚೆಲ್ಲಿದ ಅಂಗಿಗೆ ಬಾರ್ ಸೋಪು ಉಜ್ಜಿದಾಗ ಕಲೆ ಕೆಂಪಾಗುವುದಕ್ಕೂ ಇದೇ ಕಾರಣ. ಸೋಪೂ ಕ್ಷಾರವೇ. ಗಾಬರಿ ಬೇಡ, ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹಾಕಿ. ಬಿಸಿಲು ಕರ್ಕ್ಯುಮಿನ್ನನ್ನು ಒಡೆಯುತ್ತದೆ, ಕಲೆ ಮಾಸುತ್ತದೆ. ಅದೂ ರಾಸಾಯನಿಕವೇ, ಆದರೆ ಈ ಸಲ ನಿಂಬೆಹಣ್ಣಿಗೆ ಬಗ್ಗುವಂಥದ್ದಲ್ಲ.

ಹಂತ 3: ಸುಣ್ಣದ ತಿಳಿ ಮಾಡಿಟ್ಟುಕೊಳ್ಳಿ

ಇದು ಮುಂದೆಯೂ ಉಪಯೋಗಕ್ಕೆ ಬರುತ್ತದೆ. ಒಂದು ಲೋಟ ನೀರಿಗೆ ಅರ್ಧ ಚಮಚ ಸುಣ್ಣ ಕಲಕಿ, ಮುಚ್ಚಿ ರಾತ್ರಿಯಿಡೀ ಅಲುಗಾಡಿಸದೆ ಬಿಡಿ. ಬೆಳಿಗ್ಗೆ ಮೇಲಿನ ತಿಳಿಯನ್ನು ಮಾತ್ರ ಮೆಲ್ಲಗೆ ಇನ್ನೊಂದು ಲೋಟಕ್ಕೆ ಬಗ್ಗಿಸಿ. ಒಂದು ಸ್ಟ್ರಾ ಇಟ್ಟು ಊದಿ. ಊದಬೇಕು, ಹೀರಬಾರದು. ಚಿಕ್ಕ ಮಕ್ಕಳಿದ್ದರೆ ನೀವೇ ಊದಿ ತೋರಿಸಿ. ಸ್ವಲ್ಪ ಹೊತ್ತಿನಲ್ಲೇ ತಿಳಿ ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ನಮ್ಮ ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡ್ ಸುಣ್ಣದ ಜೊತೆ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಯಿತು. ಅದು ನೀರಲ್ಲಿ ಕರಗುವುದಿಲ್ಲ, ಅದಕ್ಕೇ ಆ ಬಿಳುಪು.

ಕರಾವಳಿಯಲ್ಲಿ ಕಪ್ಪೆಚಿಪ್ಪು ಸುಟ್ಟು ಸುಣ್ಣ ಮಾಡುವುದು ಹಳೆಯ ಕಸುಬು. ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್. ಗೂಡಿನ ಕಾವಿಗೆ ಅದರಿಂದ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ, ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಬಿಸಿ ಉಗುಳುತ್ತಾ ಅರಳುತ್ತದೆ. ಅದನ್ನು ಗೋಡೆಗೆ ಬಳಿಯುತ್ತೇವೆ. ಹಸಿ ಇದ್ದಾಗ ಮಂಕಾಗಿರುವ ಗೋಡೆ ದಿನ ಕಳೆದಂತೆ ಬೆಳ್ಳಗೆ, ಗಟ್ಟಿಯಾಗುತ್ತದೆ. ಯಾಕೆಂದರೆ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಅದು ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಮೂರೂ ರಾಸಾಯನಿಕ ಬದಲಾವಣೆ. ಸುತ್ತು ಹೊಡೆದು ಬಂದು ನಿಂತಿದ್ದು ಹೊರಟ ಜಾಗದಲ್ಲೇ!

ಹಂತ 4: ಹಾಲಿನಿಂದ ತುಪ್ಪದವರೆಗೆ

ಇದಕ್ಕೆ ಎರಡು ಮೂರು ದಿನ ಬೇಕು. ಆದರೆ ಒಂದೇ ಪಾತ್ರೆಯ ಹಾಲಿನಲ್ಲಿ ಭೌತಿಕ, ರಾಸಾಯನಿಕ ಎರಡೂ ಹೇಗೆ ಒಂದಾದ ಮೇಲೊಂದು ಬರುತ್ತವೆ ಅಂತ ಇಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

ಉಗುರು ಬೆಚ್ಚಗಿನ ಹಾಲಿಗೆ ಹೆಪ್ಪು ಹಾಕಿ. ಹೆಪ್ಪಿನ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಹುಳಿ ಏರಿದಂತೆ ಕೇಸಿನ್ ಎಂಬ ಪ್ರೋಟೀನ್ ಒಂದಕ್ಕೊಂದು ಹೆಣೆದುಕೊಂಡು ಗಡ್ಡೆ ಕಟ್ಟುತ್ತದೆ. ಹೊಸ ವಸ್ತು ಬಂದಿದೆ ಅಂತ ಪರೀಕ್ಷೆ ಮಾಡುವುದು ಹೇಗೆ? ಒಂದು ಬಟ್ಟಲಲ್ಲಿ ಎರಡು ಚಮಚ ಹಾಲು, ಇನ್ನೊಂದರಲ್ಲಿ ಎರಡು ಚಮಚ ಹುಳಿ ಮೊಸರು ಇಟ್ಟು ಎರಡಕ್ಕೂ ಚಿಟಿಕೆ ಅಡುಗೆ ಸೋಡಾ ಹಾಕಿ ಕಲಕಿ. ಹಾಲು ಸುಮ್ನೆ ಇರುತ್ತದೆ. ಮೊಸರು ಉಬ್ಬಿ ನೊರೆ ಬರುತ್ತದೆ. ಹಾಲಿನಲ್ಲಿ ಇಲ್ಲದ ಹುಳಿ ಮೊಸರಿನಲ್ಲಿದೆ. ರಾಸಾಯನಿಕ.

ಮುಂದೆ ಕೆನೆಮೊಸರು ಕಡೆದು ಬೆಣ್ಣೆ ತೆಗೆಯಿರಿ. ಮೊಸರಿನಲ್ಲಿ ಕೊಬ್ಬು ಸಣ್ಣ ಸಣ್ಣ ಗುಳ್ಳೆಗಳಾಗಿ ಆಗಲೇ ಇರುತ್ತದೆ. ಕಡೆದಾಗ ಅವುಗಳ ಸುತ್ತಲಿನ ತೆಳು ಪೊರೆ ಹರಿದು, ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ಇದ್ದದ್ದೇ ಒಂದೆಡೆ ಸೇರಿತು, ಹೊಸದೇನೂ ಹುಟ್ಟಲಿಲ್ಲ. ಭೌತಿಕ.

ಆಮೇಲೆ ಬೆಣ್ಣೆ ಕಾಯಿಸುವುದು. ಇಲ್ಲಿ ಒಲೆ ಬಿಟ್ಟು ಕದಲಬೇಡಿ, ಕಿವಿ, ಮೂಗು ಎರಡನ್ನೂ ಚುರುಕಾಗಿಟ್ಟುಕೊಳ್ಳಿ. ಮೊದಲು ಬೆಣ್ಣೆ ಕರಗುತ್ತದೆ, ಭೌತಿಕ. ಸ್ವಲ್ಪ ಹೊತ್ತಿಗೆ ಚಟಪಟ ಸದ್ದು, ಬಿಳಿ ನೊರೆ. ಒಂದು ತಣ್ಣಗಿನ ಸ್ಟೀಲ್ ತಟ್ಟೆಯನ್ನು ಇಕ್ಕಳದಲ್ಲಿ ಹಿಡಿದು ಹಬೆಗೆ ಒಡ್ಡಿ. ತಟ್ಟೆಗೆ ಹನಿ ಹನಿ ನೀರು ಕಟ್ಟುತ್ತದೆ. ಬೆಣ್ಣೆಯೊಳಗಿದ್ದ ನೀರು ಕುದಿದು ಹೋಗುತ್ತಿರುವ ಸದ್ದು ಅದು. ಇದೂ ಭೌತಿಕ. ಒಂದು ಗಳಿಗೆಯಲ್ಲಿ ಸದ್ದು ತಗ್ಗಿ ಹೆಚ್ಚು ಕಡಿಮೆ ನಿಂತೇಹೋಗುತ್ತದೆ. ನೀರು ಮುಗಿಯಿತು ಅಂತ ಅರ್ಥ. ನೀರಿರುವ ತನಕ ಪಾತ್ರೆಯ ಕಾವು 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ತಡೆದು ನಿಂತಿರುತ್ತದೆ. ನೀರು ಹೋದ ಕೂಡಲೇ ಕಾವು ಸರ್ರನೆ ಏರುತ್ತದೆ. ಆಗಲೇ ತಳದಲ್ಲಿರುವ ಹಾಲಿನ ಪ್ರೋಟೀನ್, ಸಕ್ಕರೆ ಎರಡೂ ಸೇರಿ ಕಂದು ಬಣ್ಣಕ್ಕೆ ತಿರುಗುವುದು, ಆಗಲೇ ಘಮ್ಮೆನ್ನುವ ವಾಸನೆ ಮನೆ ತುಂಬುವುದು. ಆ ಘಮ ಬೆಣ್ಣೆಯಲ್ಲಿ ಇರಲಿಲ್ಲ, ಮೊಸರಿನಲ್ಲೂ ಇರಲಿಲ್ಲ. ರಾಸಾಯನಿಕ. ಒಲೆ ಆರಿಸಬೇಕಾದದ್ದೂ ಇದೇ ಹೊತ್ತಿಗೆ. ಒಂದೆರಡು ನಿಮಿಷ ತಡವಾದರೆ ಚರಟ ಕರಿಕಾಗಿ ತುಪ್ಪ ಕಹಿಯಾಗುತ್ತದೆ. ಸೋಸಿಟ್ಟ ತುಪ್ಪ ಬೆಳಿಗ್ಗೆ ಮರಳು ಮರಳಾಗಿ ಗಟ್ಟಿಯಾಗಿರುತ್ತದಲ್ಲ, ಅದು ಮತ್ತೆ ಭೌತಿಕ.

ದೋಸೆ ಹಿಟ್ಟು ಹುದುಗುವುದೂ ಮೊಸರಿನ ಜಾತಿಗೇ ಸೇರಿದ್ದು. ರುಬ್ಬುವ ತನಕ ಭೌತಿಕ, ರಾತ್ರಿ ಉಬ್ಬುವಾಗ ರಾಸಾಯನಿಕ.

ಹಂತ 5: ಸಕ್ಕರೆ ಗಡಿ ದಾಟುವುದು ಎಲ್ಲಿ?

ದಪ್ಪ ತಳದ ಪಾತ್ರೆಯಲ್ಲಿ ಅರ್ಧ ಲೋಟ ಸಕ್ಕರೆಗೆ ಕಾಲು ಲೋಟ ನೀರು ಹಾಕಿ ಸಣ್ಣ ಉರಿಯಲ್ಲಿಡಿ. ಒಂದೆಳೆ ಪಾಕ ಬಂದಾಗ ಒಂದು ಚಮಚ ತೆಗೆದು ಬಟ್ಟಲಿಗೆ ಹಾಕಿ. ನೀರು ಬೆರೆಸಿದರೆ ಬರೀ ಸಕ್ಕರೆ ನೀರು. ಭೌತಿಕ. ಸಂಕ್ರಾಂತಿಯ ಸಕ್ಕರೆ ಅಚ್ಚು ಕೂಡ ಹೀಗೇ. ನೀರಿಗೆ ಹಾಕಿದರೆ ಆನೆ, ಕುದುರೆ ಎಲ್ಲಾ ಕರಗಿ ಸಕ್ಕರೆ ನೀರೇ ಉಳಿಯುವುದು.

ಉಳಿದ ಪಾಕವನ್ನು ಕಾಯಿಸುತ್ತಲೇ ಇರಿ. ನೀರೆಲ್ಲ ಹೋಗಿ, ಕಾವು 160 ಡಿಗ್ರಿಯ ಸುತ್ತಮುತ್ತ ಬಂದಾಗ ಅಂಚಿನಿಂದ ಹೊನ್ನಿನ ಬಣ್ಣ, ಆಮೇಲೆ ಕಂದು. ವಾಸನೆಯೂ ಬದಲು. ಒಲೆ ಆರಿಸಿ, ಪೂರ್ತಿ ತಣ್ಣಗಾದ ಮೇಲೆ ಒಂದು ಚೂರನ್ನು ನೀರಲ್ಲಿ ಕರಗಿಸಿ. ಕಂದು ನೀರು, ಸಿಹಿಯ ಜೊತೆ ಸಣ್ಣ ಕಹಿ. ಅದರಿಂದ ಬಿಳಿ ಸಕ್ಕರೆ ವಾಪಸ್ ತೆಗೆಯಲು ಬರುವುದಿಲ್ಲ. ಅದೇ ಪಾತ್ರೆ, ಅದೇ ಉರಿ. ಗಡಿ ದಾಟಿದ್ದು ಬಣ್ಣ ಬಂದ ಹೊತ್ತಿಗೆ. ಬಿಸಿ ಪಾಕ ಕೈಗೆ ಅಂಟಿದರೆ ಬಿಡುವುದಿಲ್ಲ, ಜಾಗ್ರತೆ.

ಹಂತ 6: ತಕ್ಕಡಿಯ ಮೇಲೆ ಸೋಡಾ

ಅಗಲ ಬಾಯಿಯ ಪಾತ್ರೆಯಲ್ಲಿ 100 ಮಿಲಿ ವಿನೆಗರ್ ತೆಗೆದುಕೊಳ್ಳಿ. ಒಂದು ಕಾಗದದ ಮೇಲೆ 5 ಗ್ರಾಂ ಅಡುಗೆ ಸೋಡಾ. ಎರಡನ್ನೂ ಒಟ್ಟಿಗೆ ತಕ್ಕಡಿ ಮೇಲಿಟ್ಟು ತೂಕ ಬರೆದುಕೊಳ್ಳಿ. ಈಗ ಸೋಡಾವನ್ನು ಸ್ವಲ್ಪ ಸ್ವಲ್ಪವಾಗಿ ವಿನೆಗರಿಗೆ ಸುರಿದು, ಕಾಗದವನ್ನು ಮತ್ತೆ ತಕ್ಕಡಿ ಮೇಲೇ ಇಡಿ. ಬುಸ್ ಅಂತ ನೊರೆ ಬಂದು ಅಡಗಿದ ಮೇಲೆ ನೋಡಿದರೆ 2 ಗ್ರಾಂ ಆಸುಪಾಸು ಕಡಿಮೆ ಆಗಿರುತ್ತದೆ. ಕಣ್ಣಿಗೆ ಕಾಣದ ಅನಿಲವೊಂದು ಎದ್ದು ಹೋಗಿದೆ. ಉಪ್ಪು ಕರಗಿಸಿದಾಗ ಹೀಗಾಗಿರಲಿಲ್ಲ, ಮೊದಲನೇ ಪುಟ ತಿರುವಿ ನೋಡಿ.

ಆದರೆ ತೂಕ ಇಳಿದದ್ದೇ ಸಾಕ್ಷಿ ಅಂತ ತೀರ್ಮಾನ ಮಾಡಬೇಡಿ. ನೀರು ಕುದಿದರೂ ತೂಕ ಇಳಿಯುತ್ತದೆ, ಅದು ಭೌತಿಕ. ಗುಳ್ಳೆಯ ಮಾತೂ ಹಾಗೇ. ಬಿಸಿಯಾಗುವುದು, ತಣ್ಣಗಾಗುವುದು ಕೂಡ ನಂಬಿಕೆಯ ಗುರುತಲ್ಲ. ಐಸ್‌ಗೆ ಉಪ್ಪು ಬೆರೆಸಿದರೆ ಸೊನ್ನೆಗಿಂತ ಕೆಳಗೆ ತಣ್ಣಗಾಗುತ್ತದೆ, ಕುಲ್ಫಿಯವರು ಮಾಡುವುದು ಅದನ್ನೇ. ಅಲ್ಲಿ ಹೊಸ ವಸ್ತು ಇಲ್ಲ. ಒಂದೇ ಗುರುತು ಸಾಲದು, ಎರಡು ಮೂರು ಒಟ್ಟಿಗೆ ಸಿಗಬೇಕು. ಸೋಡಾದ ಅನಿಲ ಯಾವುದು ಅಂತ ನೋಡಲು ನಿಮ್ಮ ಹತ್ತಿರ ಸುಣ್ಣದ ತಿಳಿ ಇದೆಯಲ್ಲ! ಸೋಡಾ, ವಿನೆಗರನ್ನು ಒಂದು ಎತ್ತರದ ಲೋಟದಲ್ಲಿ ಬೆರೆಸಿ, ಮೇಲೆ ನಿಂತ ಅನಿಲವನ್ನಷ್ಟೇ, ನೀರು ಬೀಳದ ಹಾಗೆ, ತಿಳಿ ಇರುವ ಲೋಟದ ಬಾಯಿಗೆ ಬಗ್ಗಿಸಿ ಅಲುಗಾಡಿಸಿ. ತಿಳಿ ಬೆಳ್ಳಗಾಗುತ್ತದೆ. ಗಾಳಿಗಿಂತ ಭಾರವಾದ್ದರಿಂದ ಅದು ಹೀಗೆ ಸುರಿಯುತ್ತದೆ.

ಹಂತ 7: ನಾಲ್ಕು ಬಾಟಲಿ, ನಾಲ್ಕು ಮೊಳೆ

ಹೊಸ ಕಬ್ಬಿಣದ ಮೊಳೆಗಳನ್ನು ಉಪ್ಪು ಕಾಗದದಲ್ಲಿ ಉಜ್ಜಿ ಹೊಳಪು ಬರಿಸಿ. ಒಂದನ್ನು ಅರ್ಧ ನೀರಲ್ಲಿ, ಒಂದನ್ನು ಉಪ್ಪು ನೀರಲ್ಲಿ ಇಡಿ. ಮೂರನೆಯದನ್ನು ಕುದಿಸಿ ಆರಿಸಿದ ನೀರಲ್ಲಿ ಮುಳುಗಿಸಿ ಮೇಲೊಂದು ಪದರ ಎಣ್ಣೆ ಹಾಕಿ, ಗಾಳಿ ಸೇರಬಾರದು. ನಾಲ್ಕನೆಯದನ್ನು ಒಣ ಬಾಟಲಿಯಲ್ಲಿ, ಹೊಸ ಚಪ್ಪಲಿ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿಯಾಗಿ ಮುಚ್ಚಿ. ಒಂದು ವಾರ ಬಿಡಿ. ಉಪ್ಪು ನೀರಿನದು ಎಲ್ಲಕ್ಕಿಂತ ಜೋರಾಗಿ ತುಕ್ಕು ಹಿಡಿದಿರುತ್ತದೆ. ಎಣ್ಣೆ ಕೆಳಗಿನದು ಮತ್ತು ಒಣ ಬಾಟಲಿಯದು ಹೆಚ್ಚು ಕಡಿಮೆ ಹಾಗೇ ಇರುತ್ತವೆ. ಅಂದರೆ ತುಕ್ಕಿಗೆ ನೀರೂ ಬೇಕು, ಆಮ್ಲಜನಕವೂ ಬೇಕು. ಮಂಗಳೂರು, ಕಾರವಾರದ ಕಡೆ ಗೇಟುಗಳಿಗೆ ಮೇಲಿಂದ ಮೇಲೆ ಬಣ್ಣ ಹೊಡೆಸುವುದು ಈ ಕಾರಣಕ್ಕೇ. ತುಕ್ಕನ್ನು ಕೆರೆದು ಬೆರಳಲ್ಲಿ ಉಜ್ಜಿ ನೋಡಿ, ಪುಡಿ ಪುಡಿ. ಕಬ್ಬಿಣ ಹಾಗಿರುತ್ತಾ?

ಹಂತ 8: ಮೇಣದಬತ್ತಿ

ಕೊನೆಗೆ ಇದನ್ನಿಟ್ಟುಕೊಂಡಿದ್ದು ಬೇಕಂತಲೇ. ಪರೀಕ್ಷೆಯಲ್ಲಿ ಜಾಸ್ತಿ ಕೇಳುವ ಪ್ರಶ್ನೆ ಇದು, ಜಾಸ್ತಿ ಜನ ಅರ್ಧ ಬರೆಯುವುದೂ ಇದನ್ನೇ.

ಬತ್ತಿ ಹಚ್ಚಿ. ಮೇಣ ಕರಗಿ ಸುರಿಯುತ್ತದೆ, ತಣ್ಣಗಾಗಿ ಗಟ್ಟಿಯಾಗುತ್ತದೆ. ಅದು ಮೇಣವೇ. ಈಗ ಊದಿ ಆರಿಸಿ. ಬತ್ತಿಯಿಂದ ಬಿಳಿ ಹೊಗೆಯ ಎಳೆ ಏಳುತ್ತದಲ್ಲ, ಉರಿಯುವ ಕಡ್ಡಿಯನ್ನು ಬತ್ತಿಗೆ ತಾಗಿಸದೆ ಆ ಹೊಗೆಗೆ ಹಿಡಿಯಿರಿ. ಬೆಂಕಿ ಹೊಗೆಯ ಗುಂಟ ಕೆಳಗಿಳಿದು ಬತ್ತಿ ಹತ್ತಿಕೊಳ್ಳುತ್ತದೆ! ಉರಿಯುವುದು ಮೇಣದ ಆವಿ ಅಂತ ಇದರಿಂದ ಗೊತ್ತಾಗುತ್ತದೆ. ಮೇಣ ಆವಿಯಾಗುವ ತನಕ ಭೌತಿಕ. ಆವಿ ಉರಿಯುವುದು ರಾಸಾಯನಿಕ.

ಉರಿಯುವ ಬತ್ತಿಯ ಮೇಲೆ ಒಣ ಗಾಜಿನ ಲೋಟ ಬೋರಲು ಹಾಕಿ. ಬತ್ತಿ ಆರುತ್ತದೆ, ಗಾಜಿನ ಒಳಗೆ ನೀರಿನ ಮಂಜು ಕಟ್ಟುತ್ತದೆ. ಆ ಲೋಟವನ್ನು ಅಂಗೈಯಿಂದ ಮುಚ್ಚಿ ನೆಟ್ಟಗೆ ಮಾಡಿ, ಎರಡು ಚಮಚ ಸುಣ್ಣದ ತಿಳಿ ಹಾಕಿ ಕುಲುಕಿ. ಬೆಳ್ಳಗಾಗುತ್ತದೆ. ಮೇಣ ಹೋಗಿ ನೀರಿನ ಆವಿ, ಇಂಗಾಲದ ಡೈಆಕ್ಸೈಡ್ ಬಂದಿವೆ.

ಕರ್ಪೂರದಲ್ಲೂ ಇದೇ ಜೋಡಿ. ಡಬ್ಬಿಯಲ್ಲಿ ತಾನಾಗಿ ಸವೆಯುವುದು ಭೌತಿಕ, ಆರತಿ ತಟ್ಟೆಯಲ್ಲಿ ಉರಿಯುವುದು ರಾಸಾಯನಿಕ.

ಅಕ್ಕಿ ಬೇಯುವುದು ಯಾವುದು ಅಂತ ಮಗಳು ಕೇಳಿದಳು. ಪಠ್ಯಪುಸ್ತಕದ ಮಟ್ಟಿಗೆ ಅಡುಗೆ ಬೇಯುವುದನ್ನು ರಾಸಾಯನಿಕ ಅಂತ ಬರೆದರೆ ಸರಿ. ಆದರೆ ಅನ್ನದಲ್ಲಿ ಮುಖ್ಯವಾಗಿ ಆಗುವುದು ಪಿಷ್ಟದ ಕಾಳುಗಳು ನೀರು ಕುಡಿದು ಊದಿ, ಒಳಗಿನ ಜೋಡಣೆ ಸಡಿಲವಾಗುವುದು. ಪಿಷ್ಟ ಪಿಷ್ಟವಾಗೇ ಇರುತ್ತದೆ. ತಣ್ಣಗಾದ ಅನ್ನ ಗಟ್ಟಿಯಾಗುವುದು ಆ ಜೋಡಣೆ ಸ್ವಲ್ಪ ಮಟ್ಟಿಗೆ ಮರಳುವುದರಿಂದ. ಹಾಗಾಗಿ ಇದನ್ನು ಎರಡರ ನಡುವೆ ಇಡಬೇಕು ಅನ್ನುವುದು ನನ್ನ ಅಭಿಪ್ರಾಯ. ಎಲ್ಲವನ್ನೂ ಎರಡೇ ಡಬ್ಬಿಗೆ ತುಂಬಲು ಹೋಗಬೇಡಿ ಅಂತ ಮಕ್ಕಳಿಗೆ ಹೇಳಿದರೆ ಅವರಿಗೆ ಅರ್ಥವಾಗುತ್ತದೆ.

ಪರೀಕ್ಷೆಯಲ್ಲಿ ಬರೆಯುವಾಗ ಮಾತ್ರ ಈ ಕ್ರಮ ಇಟ್ಟುಕೊಳ್ಳಲಿ: ಮೊದಲು ಯಾವ ವಸ್ತು ಇತ್ತು, ಆಮೇಲೆ ಯಾವ ವಸ್ತು ಇದೆ, ಅದಕ್ಕೆ ಗುರುತು ಏನು. ಕಾಗದ ಹರಿದರೆ ಕಾಗದವೇ ಇದೆ, ಭೌತಿಕ. ಕಾಗದ ಸುಟ್ಟರೆ ಬೂದಿ, ಹೊಗೆ, ನೀರಿನ ಆವಿ, ಇಂಗಾಲದ ಡೈಆಕ್ಸೈಡ್ ಇವೆ, ಕಾಗದ ಇಲ್ಲ, ರಾಸಾಯನಿಕ. "ವಾಪಸ್ ಬರುತ್ತದೆ, ಬರುವುದಿಲ್ಲ" ಅನ್ನುವುದನ್ನು ಬರೆಯಬೇಕೆನಿಸಿದರೆ ಕೊನೆಯ ಸಾಲಿನಲ್ಲಿ ಬರೆಯಲಿ, ಮೊದಲ ಸಾಲಿನಲ್ಲಿ ಬೇಡ.